ಯೀಸ್ಟಿನ ಸಿಡಿಸಿ28: ಕೋಶ ಎರಡಾಗಲು ಅಪ್ಪಣೆ ಕೊಡುವ ಜೀನ್

ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರ ಚೀಟಿಯಲ್ಲಿ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಎಂಬ ಹೆಸರುಗಳು ಈಗ ಅಪರೂಪವಲ್ಲ. ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ ಭಾರತದಲ್ಲಿ 2023ರಲ್ಲಿ ಮುಗಿದು ಜೆನೆರಿಕ್ ಮಾತ್ರೆಗಳು ಬಂದ ಮೇಲೆ ಬೆಲೆಯೂ ಇಳಿದಿದೆ. ಇದೇನು ಮದ್ದು ಎಂದು ಮನೆಯವರು ಕೇಳಿದರೆ "ಸಿಡಿಕೆ 4/6 ಅನ್ನು ತಡೆಯುವ ಮಾತ್ರೆ" ಎಂಬ ಉತ್ತರ ಸಿಗುತ್ತದೆ. ಸಿಡಿಕೆ ಎಂದರೇನು ಎಂಬ ಮುಂದಿನ ಪ್ರಶ್ನೆಗೆ ಒಪಿಡಿಯ ಗಡಿಬಿಡಿಯಲ್ಲಿ ಸಮಯ ಇರುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಮೊದಲು ಸಿಕ್ಕಿದ್ದು ಕ್ಯಾನ್ಸರ್ ಗಡ್ಡೆಯಲ್ಲಲ್ಲ, ಯೀಸ್ಟಿನಲ್ಲಿ. ಬೇಕರಿಯ ಬ್ರೆಡ್ಡನ್ನು ಉಬ್ಬಿಸುವ, ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸನ್ನಾ ಹಿಟ್ಟಿಗೆ ಹಾಕುವ ಕಳ್ಳಿನಲ್ಲಿಯೂ ಇರುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಏಕಕೋಶ ಜೀವಿ ಅದು. ಅದರ ಸಿಡಿಸಿ28 (ಸಿಡಿಸಿ ಎಂದರೆ ಸೆಲ್ ಡಿವಿಷನ್ ಸೈಕಲ್, ಅಂದರೆ ಕೋಶಚಕ್ರ) ಎಂಬ ಒಂದೇ ಒಂದು ಜೀನ್ ಕೋಶವಿಭಜನೆಯ ಚುಕ್ಕಾಣಿ ಹಿಡಿದಿದೆ. ಸಿಡಿಕೆ ಮನೆತನದ ಎಲ್ಲ ಪ್ರೋಟೀನ್‌ಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಕೋಶ ಎರಡಾಗುವ ಮುನ್ನ

ಕೋಶವೊಂದು ಎರಡಾಗಬೇಕಾದರೆ ನಾಲ್ಕು ಕೆಲಸ ಆಗಬೇಕು. ಮೊದಲು ಅದು ಬೆಳೆದು ಸಾಕಷ್ಟು ದೊಡ್ಡದಾಗಬೇಕು. ಇದು ಜಿ1 ಹಂತ. ಬಳಿಕ ತನ್ನ ಡಿಎನ್‌ಎಯನ್ನು ಪೂರ್ತಿಯಾಗಿ, ಒಂದೇ ಸಲ ನಕಲು ಮಾಡಬೇಕು. ಇದು ಎಸ್ ಹಂತ. ಆಮೇಲೆ ಜಿ2 ಎಂಬ ಬಿಡುವು. ಕೊನೆಗೆ ಎರಡು ಪ್ರತಿಗಳನ್ನು ಎರಡು ಕಡೆಗೆ ಎಳೆದು ಕೋಶ ಬೇರ್ಪಡುವ ಎಂ ಹಂತ. ಯೀಸ್ಟಿನಲ್ಲಿ ಸುಮಾರು 1.2 ಕೋಟಿ ಅಕ್ಷರಗಳ ಡಿಎನ್‌ಎ 16 ವರ್ಣತಂತುಗಳಲ್ಲಿ ಹಂಚಿಕೊಂಡಿದೆ, ಅದರಲ್ಲಿ ಸುಮಾರು 6,000 ಜೀನ್‌ಗಳಿವೆ. ಒಳ್ಳೆಯ ಆಹಾರ ಕೊಟ್ಟು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಈ ನಾಲ್ಕೂ ಕೆಲಸ ಸುಮಾರು 90 ನಿಮಿಷದಲ್ಲಿ ಮುಗಿಯುತ್ತದೆ.

ವೇಗಕ್ಕಿಂತ ಕಷ್ಟದ್ದು ಕ್ರಮ. ನಕಲು ಮುಗಿಯುವ ಮೊದಲೇ ಎಳೆದಾಡಿದರೆ ವರ್ಣತಂತು ಹರಿಯುತ್ತದೆ. ಎಳೆಯುವ ಮೊದಲು ಎರಡು ಸಲ ನಕಲಾದರೆ ಮರಿಕೋಶಕ್ಕೆ ಬೇಡದ ಹೊರೆ. ಎಲ್ಲ ಕೆಲಸವೂ ಸಾಲಾಗಿ, ಒಂದರ ಹಿಂದೆ ಒಂದು ನಡೆಯುವಂತೆ ನೋಡಿಕೊಳ್ಳುವುದೇ ಸಿಡಿಸಿ28ರ ಕೆಲಸ.

ಮೊಗ್ಗು ನೋಡಿ ಹಂತ ಹೇಳಬಹುದು

ಈ ಯೀಸ್ಟ್ ನಟ್ಟನಡುವೆ ಸೀಳುವುದಿಲ್ಲ. ತಾಯಿಕೋಶದ ಒಂದು ಬದಿಯಲ್ಲಿ ಮೊಗ್ಗು ಮೂಡಿ, ಅದೇ ಬೆಳೆದು ಮರಿಕೋಶವಾಗುತ್ತದೆ. ಮೊಗ್ಗು ಇಲ್ಲದ ಕೋಶ ಜಿ1ರಲ್ಲಿದೆ. ಚಿಕ್ಕ ಮೊಗ್ಗು ಇದ್ದರೆ ಡಿಎನ್‌ಎ ನಕಲು ನಡೆಯುತ್ತಿದೆ. ಮೊಗ್ಗು ತಾಯಿಯಷ್ಟೇ ದೊಡ್ಡದಾಗುತ್ತ ಬಂದಿದ್ದರೆ ವಿಭಜನೆ ಹತ್ತಿರ ಬಂದಿದೆ. ಬಣ್ಣ ಹಾಕದೆ, ಬರಿಯ ಆಕಾರ ನೋಡಿ ಹಂತ ಹೇಳಬಲ್ಲ ಇಂಥ ಕೋಶ ಜೀವಲೋಕದಲ್ಲಿ ಕಡಿಮೆ.

ಇದನ್ನು ಹೈಸ್ಕೂಲಿನ ಸೂಕ್ಷ್ಮದರ್ಶಕದಲ್ಲೇ ನೋಡಬಹುದು. ಅಂಗಡಿಯಲ್ಲಿ ಸಿಗುವ ಒಣ ಯೀಸ್ಟನ್ನು ಒಂದು ಚಿಟಿಕೆಯಷ್ಟು 50 ಮಿ.ಲೀ. ಉಗುರುಬೆಚ್ಚಗಿನ ದ್ರವಕ್ಕೆ ಹಾಕಿ ಕದಡಿ, ಒಂದು ಹನಿಯನ್ನು ಸ್ಲೈಡಿಗೆ ಹಾಕಿ ಕವರ್‌ಸ್ಲಿಪ್ ಮುಚ್ಚಿ, 40 ಪಟ್ಟಿನ ಮಸೂರದಲ್ಲಿ ನೋಡಿದರೆ ಸುಮಾರು 5 ಮೈಕ್ರೋಮೀಟರ್ ಉದ್ದದ ಮೊಟ್ಟೆಯಾಕಾರದ ಕೋಶಗಳು ಕಾಣುತ್ತವೆ. ಮೊದಲಿಗೆ ಹೆಚ್ಚಿನವು ಬೋಳು. ಎರಡು ಗಂಟೆ ಬಿಟ್ಟು ಇನ್ನೊಂದು ಹನಿ ತೆಗೆದರೆ ಮೊಗ್ಗುಗಳು ಎದ್ದಿರುತ್ತವೆ. ಇಲ್ಲಿ ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಬರೀ ಸಕ್ಕರೆ ನೀರಿನಲ್ಲಿ ಗುಳ್ಳೆ ಧಾರಾಳ ಬರುತ್ತದೆ, ಮೊಗ್ಗು ಕಡಿಮೆ. ಕೋಶ ಬೆಳೆಯಲು ಸಾರಜನಕವೂ ಬೇಕು. ಬೊಂಡದ ನೀರಿನಲ್ಲಿ ಸಕ್ಕರೆಯ ಜೊತೆಗೆ ಅಮೈನೋ ಆಮ್ಲ, ಲವಣಗಳೂ ಇರುವುದರಿಂದ ಅದು ಒಳ್ಳೆಯದು. ಎರಡನೆಯದಾಗಿ, ನೀರು ಕೈಗೆ ಸುಡುವಷ್ಟು ಬಿಸಿ ಇದ್ದರೆ ಯೀಸ್ಟ್ ಸತ್ತುಹೋಗುತ್ತದೆ. ಸ್ಲೈಡಿನಲ್ಲಿ ಅದು ಗೊತ್ತಾಗುವುದಿಲ್ಲ, ಸತ್ತ ಕೋಶವೂ ಬೋಳಾಗಿಯೇ ಕಾಣುತ್ತದೆ. ಸಂಶಯವಿದ್ದರೆ ತೆಳುವಾದ ಮೆಥಿಲೀನ್ ಬ್ಲೂ ಹಾಕಬೇಕು: ಸತ್ತದ್ದು ನೀಲಿಯಾಗುತ್ತದೆ, ಬದುಕಿರುವುದು ಬಣ್ಣವಿಲ್ಲದೆ ಉಳಿಯುತ್ತದೆ.

ಕೈನೇಸ್ ಮಾಡುವುದೇನು

ಸಿಡಿಸಿ28 ಜೀನ್ ಯೀಸ್ಟಿನ ಎರಡನೇ ವರ್ಣತಂತುವಿನಲ್ಲಿದೆ. ಅದರಿಂದ ತಯಾರಾಗುವ ಪ್ರೋಟೀನ್ 298 ಅಮೈನೋ ಆಮ್ಲಗಳದ್ದು, ಪ್ರೋಟೀನ್‌ಗಳ ಲೆಕ್ಕದಲ್ಲಿ ಸಣ್ಣದೇ. ಅದು ಪ್ರೋಟೀನ್ ಕೈನೇಸ್ ಎಂಬ ಜಾತಿಯ ಕಿಣ್ವ. ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ ತುದಿಯಲ್ಲಿರುವ ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುವುದು ಕೈನೇಸ್‌ಗಳ ಕೆಲಸ.

ಫಾಸ್ಫೇಟಿಗೆ ಋಣ ವಿದ್ಯುದಂಶವಿದೆ. ಅದು ಬಂದು ಕೂತೊಡನೆ ಆ ಪ್ರೋಟೀನಿನ ಮಡಿಕೆ ಬದಲಾಗಬಹುದು, ಯಾರೊಡನೆ ಅಂಟಿಕೊಳ್ಳುತ್ತದೆ ಎಂಬುದು ಬದಲಾಗಬಹುದು, ಅದು ಕೋಶಕೇಂದ್ರದಿಂದ ಹೊರಗೆ ಹೋಗಬಹುದು, ಇಲ್ಲವೆ "ಇದನ್ನು ನಾಶಮಾಡಿ" ಎಂಬ ಗುರುತಾಗಬಹುದು. ಸಿಡಿಸಿ28 ಎಲ್ಲೆಂದರಲ್ಲಿ ಅಂಟಿಸುವುದಿಲ್ಲ. ಸೀರಿನ್ ಅಥವಾ ಥ್ರಿಯೊನಿನ್ ಎಂಬ ಅಮೈನೋ ಆಮ್ಲದ ಬೆನ್ನಿಗೇ ಪ್ರೋಲಿನ್ ಇರುವ ಜಾಗ ಅದಕ್ಕೆ ಇಷ್ಟ. ಅಂಟಿಸಿದ್ದನ್ನು ತೆಗೆಯಲು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳಿವೆ.

ಯೀಸ್ಟಿನಲ್ಲಿ ನೂರಕ್ಕೂ ಹೆಚ್ಚು ಕೈನೇಸ್‌ಗಳಿವೆ. ಸಿಡಿಸಿ28 ಅವುಗಳಲ್ಲಿ ಬೇರೆಯಾಗಿ ನಿಲ್ಲುವುದು ಒಂದು ವಿಚಿತ್ರದಿಂದ: ಅದರ ಪ್ರಮಾಣ ಕೋಶಚಕ್ರದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಂಟಿಯಾಗಿದ್ದಾಗ ಕೆಲಸವನ್ನೂ ಮಾಡುವುದಿಲ್ಲ.

ಡ್ರೈವರ್ ಒಬ್ಬ, ಕಂಡಕ್ಟರ್ ಒಂಬತ್ತು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸನ್ನು ನೆನಪಿಸಿಕೊಳ್ಳಿ. ಡ್ರೈವರ್ ಸೀಟಿನಲ್ಲಿ ಕೂತೇ ಇರುತ್ತಾನೆ, ಆದರೆ ಕಂಡಕ್ಟರ್ ಸೀಟಿ ಊದಿ "ರೈಟ್" ಅನ್ನುವವರೆಗೆ ಬಸ್ಸು ಅಲುಗುವುದಿಲ್ಲ. ಯಾವ ಸ್ಟಾಪಿನಲ್ಲಿ ನಿಲ್ಲಬೇಕು ಎಂದು ಹೇಳುವವನೂ ಕಂಡಕ್ಟರೇ. ಸಿಡಿಸಿ28 ಇಲ್ಲಿ ಡ್ರೈವರ್. ಕಂಡಕ್ಟರ್ ಜಾಗದಲ್ಲಿ ಸೈಕ್ಲಿನ್ ಎಂಬ ಪ್ರೋಟೀನ್‌ಗಳಿವೆ. ಸೈಕ್ಲಿನ್ ಬಂದು ಅಂಟಿಕೊಂಡರೆ ಮಾತ್ರ ಸಿಡಿಸಿ28ರ ಕೆಲಸದ ಬಾಯಿ ತೆರೆಯುತ್ತದೆ. ಯಾವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಬೇಕು ಎಂಬುದನ್ನೂ ಬಹಳ ಮಟ್ಟಿಗೆ ಸೈಕ್ಲಿನ್ನೇ ತೋರಿಸುತ್ತದೆ. ಸೈಕ್ಲಿನ್‌ಗಳನ್ನು ಅವಲಂಬಿಸಿದ ಕೈನೇಸ್ ಎಂಬ ಅರ್ಥದಲ್ಲೇ ಈ ಮನೆತನಕ್ಕೆ ಸಿಡಿಕೆ ಎಂಬ ಹೆಸರು.

ಯೀಸ್ಟಿನ ಈ ಬಸ್ಸಿಗೆ ಒಂಬತ್ತು ಕಂಡಕ್ಟರುಗಳು, ಪಾಳಿಯ ಮೇಲೆ. ಸಿಎಲ್‌ಎನ್1, 2, 3 ಎಂಬ ಮೂವರು ಜಿ1ರಲ್ಲಿ. ಸಿಎಲ್‌ಬಿ5, 6 ಎಂಬ ಇಬ್ಬರು ಡಿಎನ್‌ಎ ನಕಲಿನ ಹೊತ್ತಿಗೆ. ಸಿಎಲ್‌ಬಿ1, 2, 3, 4 ಎಂಬ ನಾಲ್ವರು ವಿಭಜನೆಗೆ. ಸುರತ್ಕಲ್ಲಿನಲ್ಲಿ ಒಬ್ಬ ಇಳಿದು ಇನ್ನೊಬ್ಬ ಹತ್ತಿದ, ಪಡುಬಿದ್ರಿಯಲ್ಲಿ ಮತ್ತೊಬ್ಬ, ಹಾಗೆ. ಒಂದು ವ್ಯತ್ಯಾಸವಿದೆ: ಪಾಳಿ ಮುಗಿದ ಸೈಕ್ಲಿನ್ ಮನೆಗೆ ಹೋಗುವುದಿಲ್ಲ. ಕೋಶ ಅದನ್ನು ಚೂರುಚೂರು ಮಾಡಿಬಿಡುತ್ತದೆ. ಹಿಂದಿನ ಸ್ಟಾಪಿಗೆ ಬಸ್ಸು ತಿರುಗಿ ಹೋಗದಿರುವುದು ಈ ಕಾರಣಕ್ಕೆ.

'ಸ್ಟಾರ್ಟ್' ಎಂಬ ಹೊಸಿಲು

ಜಿ1ರ ಕೊನೆಯಲ್ಲಿ ಒಂದು ಹೊಸಿಲಿದೆ. ಅದನ್ನು ದಾಟುವವರೆಗೆ ಯೀಸ್ಟಿಗೆ ಮನಸ್ಸು ಬದಲಿಸಲು ಅವಕಾಶವಿದೆ. ಆಹಾರ ಮುಗಿದರೆ ಸುಮ್ಮನೆ ಕೂರಬಹುದು. ಎದುರು ಲಿಂಗದ ಕೋಶದಿಂದ ಸಂಕೇತ ಬಂದರೆ ವಿಭಜನೆ ಬಿಟ್ಟು ಕೂಡಿಕೊಳ್ಳಬಹುದು. ದಾಟಿದ ಮೇಲೆ ಹಿಂದಡಿ ಇಲ್ಲ, ಆ ಸುತ್ತನ್ನು ಮುಗಿಸಲೇಬೇಕು. ಅಮೆರಿಕದ ಲೆಲ್ಯಾಂಡ್ ಹಾರ್ಟ್‌ವೆಲ್ ಈ ಹೊಸಿಲನ್ನು 'ಸ್ಟಾರ್ಟ್' ಎಂದು ಕರೆದರು.

ದಾಟುವ ಬಗೆ ಹೀಗೆ. ವಿಭಜನೆಗೆ ಬೇಕಾದ ಜೀನ್‌ಗಳನ್ನು ವೈ5 (Whi5) ಎಂಬ ಪ್ರೋಟೀನ್ ಅದುಮಿ ಹಿಡಿದಿರುತ್ತದೆ. ಕೋಶ ಬೆಳೆದಂತೆ ಸಿಎಲ್‌ಎನ್3 ಜೊತೆಗೂಡಿದ ಸಿಡಿಸಿ28 ವೈ5ರ ಹಿಡಿತವನ್ನು ಸಡಿಲಿಸುತ್ತದೆ. ಸ್ವಲ್ಪ ಸಡಿಲವಾದೊಡನೆ ಸಿಎಲ್‌ಎನ್1 ಮತ್ತು 2 ತಯಾರಾಗುತ್ತವೆ. ಅವೂ ಸಿಡಿಸಿ28ಕ್ಕೆ ಅಂಟಿ ವೈ5ಕ್ಕೆ ಇನ್ನಷ್ಟು ಫಾಸ್ಫೇಟ್ ಹಚ್ಚಿ ಅದನ್ನು ಕೋಶಕೇಂದ್ರದಿಂದ ಹೊರಗೆ ಅಟ್ಟುತ್ತವೆ. ಅಟ್ಟಿದಷ್ಟೂ ಸೈಕ್ಲಿನ್ ಹೆಚ್ಚು, ಸೈಕ್ಲಿನ್ ಹೆಚ್ಚಿದಷ್ಟೂ ಅಟ್ಟುವುದು ಹೆಚ್ಚು. ಹೀಗಾಗಿ ಹೊಸಿಲಿನ ಮೇಲೆ ಅರ್ಧ ಕಾಲಿಟ್ಟು ನಿಲ್ಲುವ ಸ್ಥಿತಿ ಇಲ್ಲ.

ಇದೇ ಹೊತ್ತಿಗೆ ಮೊಗ್ಗು ಮೂಡುತ್ತದೆ. ಡಿಎನ್‌ಎ ನಕಲಿನ ಸೈಕ್ಲಿನ್‌ಗಳಾದ ಸಿಎಲ್‌ಬಿ5, 6 ಕೂಡ ಆಗಲೇ ತಯಾರಾಗಿರುತ್ತವೆ, ಆದರೆ ಎಸ್‌ಐಸಿ1 ಎಂಬ ತಡೆಗಾರ ಪ್ರೋಟೀನ್ ಅವನ್ನು ಕಟ್ಟಿಹಾಕಿರುತ್ತದೆ. ಎಸ್‌ಐಸಿ1ಕ್ಕೆ ಒಂದಲ್ಲ, ಹಲವು ಕಡೆ ಫಾಸ್ಫೇಟ್ ಬಿದ್ದ ಮೇಲಷ್ಟೇ ಅದು ನಾಶವಾಗುತ್ತದೆ. ಒಂದೆರಡು ಫಾಸ್ಫೇಟ್ ಅಪ್ಪಿತಪ್ಪಿ ಬಿದ್ದರೆ ಏನೂ ಆಗುವುದಿಲ್ಲ ಎಂಬುದೇ ಇಲ್ಲಿನ ಭದ್ರತೆ.

ನಕಲು ಒಮ್ಮೆ ಮಾತ್ರ, ಅದು ಹೇಗೆ?

ಇಡೀ ವಿಷಯದಲ್ಲಿ ಅತ್ಯಂತ ಜಾಣತನದ ಭಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಯೀಸ್ಟಿನ ಡಿಎನ್‌ಎಯಲ್ಲಿ ನಕಲು ಆರಂಭವಾಗುವ ನೂರಾರು ಜಾಗಗಳಿವೆ. ಪ್ರತಿ ಜಾಗದಿಂದಲೂ ಒಂದು ಸುತ್ತಿನಲ್ಲಿ ಒಂದು ಸಲ ಮಾತ್ರ ನಕಲು ಹೊರಡಬೇಕು. ಇದಕ್ಕೆ ಕೋಶ ಎರಡು ಮೆಟ್ಟಿಲು ಇಟ್ಟಿದೆ. ಮೊದಲ ಮೆಟ್ಟಿಲಲ್ಲಿ ಎಂಸಿಎಂ ಎಂಬ ಉಂಗುರದಂಥ ಯಂತ್ರವನ್ನು ಆ ಜಾಗಕ್ಕೆ ತೊಡಿಸುವುದು. ಎರಡನೆಯದರಲ್ಲಿ ಆ ಯಂತ್ರವನ್ನು ಚಾಲೂ ಮಾಡುವುದು.

ತೊಡಿಸುವ ಕೆಲಸ ನಡೆಯಬೇಕಾದರೆ ಸಿಎಲ್‌ಬಿ ಸೈಕ್ಲಿನ್‌ಗಳ ಜೊತೆಗೂಡಿದ ಸಿಡಿಸಿ28ರ ಚಟುವಟಿಕೆ ತೀರಾ ಕಡಿಮೆ ಇರಬೇಕು. ಅಂಥ ಸಮಯ ಸಿಗುವುದು ಜಿ1ರಲ್ಲಿ ಮಾತ್ರ. ಚಾಲೂ ಮಾಡಲು ಅದೇ ಚಟುವಟಿಕೆ ಹೆಚ್ಚಿರಬೇಕು: ಎಸ್‌ಎಲ್‌ಡಿ2, ಎಸ್‌ಎಲ್‌ಡಿ3 ಎಂಬ ಎರಡು ಪ್ರೋಟೀನ್‌ಗಳಿಗೆ ಸಿಡಿಸಿ28 ಫಾಸ್ಫೇಟ್ ಅಂಟಿಸಿದಾಗ ಯಂತ್ರ ಹೊರಡುತ್ತದೆ. ಆದರೆ ಅದೇ ಹೊತ್ತಿನಲ್ಲಿ ಸಿಡಿಸಿ28 ಇನ್ನೊಂದು ಕೈಯಿಂದ ಹೊಸ ಉಂಗುರ ತೊಡಿಸುವವರನ್ನೆಲ್ಲ ಓಡಿಸುತ್ತದೆ. ತೊಡಿಸಲು ಬೇಕಾದ ಸಿಡಿಸಿ6 ನಾಶವಾಗುತ್ತದೆ, ಬಿಡಿಯಾಗಿ ಉಳಿದ ಎಂಸಿಎಂ ಕೋಶಕೇಂದ್ರದಿಂದ ಹೊರಗೆ ಹೋಗುತ್ತದೆ, ತೊಡಿಸುವ ಜಾಗವನ್ನು ಗುರುತಿಸುವ ಒಆರ್‌ಸಿಯೂ ಫಾಸ್ಫೇಟ್ ಬಿದ್ದು ಮಂಕಾಗುತ್ತದೆ. ತೊಡಿಸುವಾಗ ಚಾಲೂ ಆಗದು, ಚಾಲೂ ಆದಾಗ ತೊಡಿಸಲಾಗದು. ಈ ಮೂರೂ ತಡೆಗಳನ್ನು ಪ್ರಯೋಗಾಲಯದಲ್ಲಿ ಒಟ್ಟಿಗೆ ಕಿತ್ತುಹಾಕಿದ ಯೀಸ್ಟ್ ಒಂದೇ ಸುತ್ತಿನಲ್ಲಿ ಡಿಎನ್‌ಎಯನ್ನು ಮತ್ತೆ ನಕಲು ಮಾಡತೊಡಗುತ್ತದೆ. ಒಂದನ್ನಷ್ಟೇ ಕಿತ್ತರೆ ಉಳಿದವು ಕಾಯುತ್ತವೆ.

ವಿಭಜನೆಯ ಬಾಗಿಲು, ಮತ್ತು ಹೊರದಾರಿ

ವಿಭಜನೆಗೆ ಕರೆದೊಯ್ಯುವ ಮುಖ್ಯ ಸೈಕ್ಲಿನ್ ಸಿಎಲ್‌ಬಿ2. ಇಲ್ಲಿ ಇನ್ನೊಂದು ಬೀಗವಿದೆ. ಎಸ್‌ಡಬ್ಲ್ಯುಇ1 ಎಂಬ ಬೇರೊಂದು ಕೈನೇಸ್ ಸಿಡಿಸಿ28ರ 19ನೇ ಅಮೈನೋ ಆಮ್ಲವಾದ ಟೈರೊಸಿನ್ನಿಗೆ ಫಾಸ್ಫೇಟ್ ಹಚ್ಚಿ ಅದನ್ನು ಸುಮ್ಮನಿರಿಸುತ್ತದೆ. ಎಂಐಎಚ್1 ಎಂಬ ಫಾಸ್ಫಟೇಸ್ ಅದನ್ನು ಕಿತ್ತಾಗ ಬೀಗ ತೆರೆಯುತ್ತದೆ. ಮೊಗ್ಗು ಸರಿಯಾಗಿ ಬೆಳೆಯದಿದ್ದರೆ ಈ ಬೀಗ ತೆರೆಯುವುದು ತಡವಾಗುತ್ತದೆ.

ಒಳಗೆ ಹೋದಷ್ಟೇ ಮುಖ್ಯ ಹೊರಗೆ ಬರುವುದು. ವರ್ಣತಂತುಗಳು ಬೇರ್ಪಟ್ಟ ಮೇಲೆ ಎಪಿಸಿ ಎಂಬ ದೊಡ್ಡ ಸಂಕೀರ್ಣ ಸಿಎಲ್‌ಬಿಗಳಿಗೆ ನಾಶದ ಗುರುತು ಹಾಕುತ್ತದೆ, ಸಿಡಿಸಿ14 ಎಂಬ ಫಾಸ್ಫಟೇಸ್ ಸಿಡಿಸಿ28 ಅಂಟಿಸಿದ್ದನ್ನೆಲ್ಲ ಕಿತ್ತು ತೆಗೆಯುತ್ತದೆ. ಸಿಎಲ್‌ಬಿ2 ನಾಶವಾಗದಂತೆ ತಿದ್ದಿದ ಯೀಸ್ಟ್ ವರ್ಣತಂತುಗಳನ್ನು ಎಳೆದು ಬೇರೆ ಮಾಡಿಯೂ ಎರಡಾಗಲಾರದೆ ಅಲ್ಲೇ ಉಳಿಯುತ್ತದೆ.

ಇದು ಗೊತ್ತಾದದ್ದು ಹೇಗೆ

ವಿಭಜನೆಗೆ ಅನಿವಾರ್ಯವಾದ ಜೀನ್ ಕೆಟ್ಟರೆ ಜೀವಿ ಸಾಯುತ್ತದೆ. ಸತ್ತ ಜೀವಿಯನ್ನು ಸಾಕಿ ಅಭ್ಯಾಸ ಮಾಡುವುದು ಹೇಗೆ? 1970ರ ಸುಮಾರಿಗೆ ಹಾರ್ಟ್‌ವೆಲ್ ಮತ್ತು ಸಂಗಡಿಗರು ಶಾಖಕ್ಕೆ ಸೋಲುವ ತಳಿಗಳನ್ನು ಹುಡುಕಿದರು. ಇವುಗಳಲ್ಲಿ ಜೀನ್ ತುಸುವೇ ಬದಲಾಗಿರುತ್ತದೆ. 23 ಡಿಗ್ರಿಯಲ್ಲಿ ಪ್ರೋಟೀನ್ ಸರಿಯಾಗಿ ಕೆಲಸ ಮಾಡುತ್ತದೆ, 36 ಡಿಗ್ರಿಗೆ ಏರಿಸಿದರೆ ಮಡಿಕೆ ಬಿಚ್ಚಿ ನಿಲ್ಲುತ್ತದೆ. ಕೋಶಗಳೆಲ್ಲ ಒಂದೇ ಹಂತಕ್ಕೆ ಬಂದು ನಿಂತರೆ ಆ ಜೀನ್ ಕೋಶಚಕ್ರದ ಆ ಹಂತಕ್ಕೆ ಬೇಕು ಎಂದರ್ಥ. 1973ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಇಂಥ 148 ತಳಿಗಳು, 32 ಜೀನ್‌ಗಳು ಇದ್ದವು. ಸಿಡಿಸಿ28 ಕೆಟ್ಟವು ಮೊಗ್ಗೇ ಇಲ್ಲದೆ, ಡಿಎನ್‌ಎ ನಕಲೂ ಆಗದೆ, ಹೊಸಿಲಿನಲ್ಲೇ ನಿಂತವು. ಗಾತ್ರ ಮಾತ್ರ ಬೆಳೆಯುತ್ತಲೇ ಹೋಯಿತು.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡುವವರಿಗೆ ವಿಧಾನ ಸರಳ. ಲೀಟರಿಗೆ 10 ಗ್ರಾಂ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, 20 ಗ್ರಾಂ ಪೆಪ್ಟೋನ್, 20 ಗ್ರಾಂ ಗ್ಲೂಕೋಸ್. ಪ್ಲೇಟಿಗಾದರೆ 20 ಗ್ರಾಂ ಅಗರ್. 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್. ಶಾಖಕ್ಕೆ ಸೋಲುವ ಸಿಡಿಸಿ28-13ರಂಥ ತಳಿಯನ್ನು 25 ಡಿಗ್ರಿಯಲ್ಲಿ ಬೆಳೆಸಿ, ಅರ್ಧವನ್ನು 37 ಡಿಗ್ರಿಗೆ ಸಾಗಿಸಿ, ಮೂರು ಗಂಟೆಯ ಬಳಿಕ ಎರಡರಿಂದಲೂ 200 ಕೋಶ ಎಣಿಸುವುದು. ಬಿಸಿಯಲ್ಲಿದ್ದವು ಹೆಚ್ಚುಕಡಿಮೆ ಎಲ್ಲವೂ ಬೋಳಾಗಿರಬೇಕು.

ಕರಾವಳಿಯಲ್ಲಿ ಇದು ಕೆಡುವುದು ಹವೆಯಿಂದ. ಏಪ್ರಿಲ್ ತಿಂಗಳಲ್ಲಿ ಮೇಜಿನ ಮೇಲಿಟ್ಟ ಫ್ಲಾಸ್ಕಿನ ಶಾಖ ಮಧ್ಯಾಹ್ನ 32 ಡಿಗ್ರಿ ದಾಟುತ್ತದೆ. ತಳಿ ಆಗಲೇ ಅರೆಬರೆ ನಿಂತಿರುತ್ತದೆ, 25 ಡಿಗ್ರಿಯದ್ದೆಂದು ನಂಬಿದ ಫ್ಲಾಸ್ಕಿನಲ್ಲೂ ಬೋಳುಕೋಶಗಳೇ ಕಾಣುತ್ತವೆ. ಬರೀ ಬಿಸಿ ಮಾಡುವ ಇನ್‌ಕ್ಯುಬೇಟರ್ ಕೋಣೆಯ ಶಾಖಕ್ಕಿಂತ ಕೆಳಗಿಳಿಯದು. ತಂಪೂ ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು, ಕರೆಂಟು ಹೋದರೆ ಅದಕ್ಕೆ ಬ್ಯಾಕಪ್ಪೂ ಬೇಕು. ಇನ್ನೊಂದು ತಪ್ಪು ಲೆಕ್ಕ ಬರುವುದು ದಟ್ಟವಾಗಿ ಬೆಳೆದ ಫ್ಲಾಸ್ಕಿನಿಂದ: ಆಹಾರ ಮುಗಿದರೆ ಆರೋಗ್ಯವಂತ ಯೀಸ್ಟೂ ಬೋಳಾಗಿಯೇ ನಿಲ್ಲುತ್ತದೆ. 600 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದ ದ್ರವದ ಮಬ್ಬು (ಒ.ಡಿ.) 0.2–0.3 ಇರುವಾಗಲೇ ಬಿಸಿಗೆ ಸಾಗಿಸಬೇಕು, ಸಹಜ ತಳಿಯನ್ನೂ ಜೊತೆಗೆ ಇಡಬೇಕು. 37 ಡಿಗ್ರಿಯ ಪ್ಲೇಟಿನಲ್ಲಿ ಅಲ್ಲೊಂದು ಇಲ್ಲೊಂದು ಕಾಲನಿ ಎದ್ದರೆ ಅದು ಸಾಮಾನ್ಯವಾಗಿ ಮತ್ತೆ ಸರಿಯಾದ ಜೀನ್ ಪಡೆದ ಕೋಶದ್ದು. ಅದನ್ನು ತೆಗೆದು ಮುಂದಿನ ಪ್ರಯೋಗಕ್ಕೆ ಬಳಸಿದರೆ ಎಲ್ಲ ಹಾಳು.

ಯೀಸ್ಟಿನಿಂದ ಮನುಷ್ಯನಿಗೆ

ಬ್ರಿಟನ್ನಿನ ಪಾಲ್ ನರ್ಸ್ ಸ್ಕಿಜೊಸ್ಯಾಕರೋಮೈಸಿಸ್ ಪೊಂಬೆ ಎಂಬ ಬೇರೆ ಯೀಸ್ಟಿನ ಮೇಲೆ ಕೆಲಸ ಮಾಡುತ್ತಿದ್ದರು. ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರಿನಿಂದ ಬಂದ ಈ ಯೀಸ್ಟ್ ಮೊಗ್ಗು ಬಿಡದೆ ನಡುವೆ ಸೀಳುತ್ತದೆ. ಇದರಲ್ಲಿ ಅವರು ಕಂಡ ಮುಖ್ಯ ಜೀನ್ ಸಿಡಿಸಿ2. 1982ರಲ್ಲಿ ಅವರ ತಂಡ ಮೊಗ್ಗಿನ ಯೀಸ್ಟಿನ ಸಿಡಿಸಿ28 ಜೀನನ್ನು ಸಿಡಿಸಿ2 ಕೆಟ್ಟ ಪೊಂಬೆಗೆ ಹಾಕಿ ನೋಡಿತು. ಅದು ಬದುಕಿತು. 1987ರಲ್ಲಿ ಮೆಲನಿ ಲೀ ಮತ್ತು ನರ್ಸ್ ಅದೇ ಜಾಗಕ್ಕೆ ಮನುಷ್ಯನ ಡಿಎನ್‌ಎ ತುಣುಕುಗಳನ್ನು ಹಾಕಿದರು. ಅದರಲ್ಲೊಂದು ಜೀನ್ ಯೀಸ್ಟನ್ನು ಉಳಿಸಿತು. ಅದೇ ಇಂದಿನ ಸಿಡಿಕೆ1, 297 ಅಮೈನೋ ಆಮ್ಲದ್ದು. ಸೈಕ್ಲಿನ್ ಮೊದಲು ಸಿಕ್ಕಿದ್ದು ಟಿಮ್ ಹಂಟ್ ಅವರಿಗೆ, 1982ರಲ್ಲಿ, ಸಮುದ್ರದ ಮುಳ್ಳುಚೆಂಡಿನ (ಸೀ ಅರ್ಚಿನ್ ಎಂಬ ಕಡಲಜೀವಿಯ) ಮೊಟ್ಟೆಗಳಲ್ಲಿ. ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೂ 2001ರ ವೈದ್ಯಕೀಯ ನೊಬೆಲ್ ಬಂತು.

ಮಾತ್ರೆ ಹಿಡಿಯುವುದು ಯಾರನ್ನು

ಯೀಸ್ಟಿನಲ್ಲಿ ಸಿಡಿಸಿ28 ಒಂದೇ ಮಾಡುವ ಕೆಲಸವನ್ನು ಮನುಷ್ಯನಲ್ಲಿ ಹಲವರು ಹಂಚಿಕೊಂಡಿದ್ದಾರೆ. ಜಿ1ರ ಹೊಸಿಲಿಗೆ ಸಿಡಿಕೆ4 ಮತ್ತು ಸಿಡಿಕೆ6, ನಕಲಿಗೆ ಸಿಡಿಕೆ2, ವಿಭಜನೆಗೆ ಸಿಡಿಕೆ1. ವೈ5ರ ಜಾಗದಲ್ಲಿ ಆರ್‌ಬಿ ಎಂಬ ಪ್ರೋಟೀನಿದೆ. ಎರಡರ ರಚನೆಗೆ ಹೋಲಿಕೆಯಿಲ್ಲ, ಕೆಲಸ ಅದೇ. ಸಿಡಿಕೆ1 ವಿಭಜಿಸುವ ಪ್ರತಿ ಕೋಶಕ್ಕೂ ಬೇಕು, ಅದನ್ನು ತಡೆದರೆ ಇಡೀ ದೇಹಕ್ಕೆ ಪೆಟ್ಟು. ಹಾರ್ಮೋನ್ ಗ್ರಾಹಕವಿರುವ ಸ್ತನ ಕ್ಯಾನ್ಸರಿನಲ್ಲಿ ಈಸ್ಟ್ರೋಜೆನ್ ಸಿಡಿಕೆ4/6ರ ಕಂಡಕ್ಟರಾದ ಸೈಕ್ಲಿನ್ ಡಿಯನ್ನು ಹೆಚ್ಚಿಸಿ ಸಿಡಿಕೆ4/6 ಬಾಗಿಲನ್ನೇ ತಳ್ಳುವುದರಿಂದ, ಆ ಬಾಗಿಲನ್ನು ಹಿಡಿದರೆ ಪ್ರಯೋಜನ ಹೆಚ್ಚು. ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆಯ ಜೊತೆಗೇ ಇದನ್ನು ಕೊಡುವುದೂ ಅದಕ್ಕೇ. ಗಡ್ಡೆಯಲ್ಲಿ ಆರ್‌ಬಿಯೇ ಕಳೆದುಹೋಗಿದ್ದರೆ ಕಾಯಲು ಬಾಗಿಲೇ ಇಲ್ಲ, ಮದ್ದು ನಾಟುವುದಿಲ್ಲ.

ಪಾಲ್ಬೊಸಿಕ್ಲಿಬ್‌ಗೆ ಅಮೆರಿಕದಲ್ಲಿ 2015ರಲ್ಲಿ, ಉಳಿದೆರಡಕ್ಕೆ 2017ರಲ್ಲಿ ಅನುಮತಿ ಸಿಕ್ಕಿತು. ಪಾಲ್ಬೊಸಿಕ್ಲಿಬ್ ಸಾಮಾನ್ಯವಾಗಿ ದಿನಕ್ಕೆ 125 ಮಿ.ಗ್ರಾಂ, 21 ದಿನ, ಬಳಿಕ 7 ದಿನ ಬಿಡುವು. ಬಿಡುವು ಯಾಕೆಂದರೆ ಎಲುಬಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳ ಮೂಲಕೋಶಗಳಿಗೂ ಸಿಡಿಕೆ6 ಬೇಕು. ಮದ್ದು ಅವನ್ನು ಕೊಲ್ಲುವುದಿಲ್ಲ, ನಿಲ್ಲಿಸುತ್ತದೆ. ಬಿಟ್ಟರೆ ಮತ್ತೆ ಹೊರಡುತ್ತವೆ. ಪ್ರತಿ ಸುತ್ತಿನ ಮೊದಲು, ಮೊದಲೆರಡು ಸುತ್ತುಗಳಲ್ಲಿ 15ನೇ ದಿನವೂ, ರಕ್ತಕಣದ ಎಣಿಕೆ ಮಾಡಿಸುವುದು ಇದೇ ಕಾರಣಕ್ಕೆ. ಈ ನಡುವೆ ಜ್ವರ ಬಂದರೆ ಮಳೆಗಾಲದ ಜ್ವರವೆಂದು ಪ್ಯಾರಾಸಿಟಮಾಲ್ ನುಂಗಿ ಮನೆಯಲ್ಲಿ ಕೂರುವಂತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೈಬೊಸಿಕ್ಲಿಬ್‌ಗೆ ಇಸಿಜಿಯೂ ಬೇಕಾಗುತ್ತದೆ, ಅಬೆಮಾಸಿಕ್ಲಿಬ್‌ನಲ್ಲಿ ಬಿಡುವಿಲ್ಲ, ಭೇದಿಯ ತೊಂದರೆ ಹೆಚ್ಚು. ಗ್ರೇಪ್‌ಫ್ರೂಟ್ ಈ ಮದ್ದುಗಳನ್ನು ಕರಗಿಸುವ ಕರುಳಿನ ಕಿಣ್ವವನ್ನು ತಡೆಯುತ್ತದೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಅದರ ಮೂಲ ಹಣ್ಣೇ ನಮ್ಮ ಹಿತ್ತಲಿನ ಚಕ್ಕೋತ, ಹಾಗಾಗಿ ವೈದ್ಯರನ್ನು ಕೇಳದೆ ಅದನ್ನು ತಿನ್ನಬಾರದು. ಪಾಲ್ಬೊಸಿಕ್ಲಿಬ್ ನುಂಗಿ ವಾಂತಿಯಾದರೆ, ಅಥವಾ ಒಂದು ದಿನ ಮರೆತರೆ, ಅಂದು ಇನ್ನೊಂದು ನುಂಗುವುದು ಬೇಡ. ಮರುದಿನ ಎಂದಿನ ಹೊತ್ತಿಗೆ ಎಂದಿನಷ್ಟೇ.